ಮನೆಗೊಂದು ಕೈ

ಇಪ್ಪತ್ತು ವರ್ಷಕ್ಕಿಂತ ಹೆಚ್ಚಾಯಿತು, ಜಮಖಂಡಿಯ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳುತ್ತೇನೆ. ಮೊದಲ ವರ್ಷದವರಿಗೆ ಎರಡನೆಯ ಅಧ್ಯಾಯ ರಾಜ್ಯದ ಉಗಮ, ಮೂರನೆಯದು ಪರಮಾಧಿಕಾರ. ರಾಜ್ಯ ಅನ್ನುವುದು ಎಲ್ಲಿಂದ ಬಂತು, ಅದು ಹೇಳಿದ್ದನ್ನು ನಾವು ಯಾಕೆ ಕೇಳಬೇಕು, ಇಷ್ಟೇ ವಿಷಯ. ದೇವರೇ ಹುಟ್ಟಿಸಿದ ಎಂದು ಕೆಲವರು ಹೇಳಿದರು. ಬಲ ಇದ್ದವನು ಬಡಿದು ಕಟ್ಟಿದ ಎಂದರು ಇನ್ನು ಕೆಲವರು. ಮನೆಯ ಯಜಮಾನನೇ ಬೆಳೆಯುತ್ತ ಬೆಳೆಯುತ್ತ ಊರಿನ ಯಜಮಾನನಾಗಿ, ಕಡೆಗೆ ಅರಸನಾದ ಎನ್ನುವವರೂ ಇದ್ದಾರೆ. ಜನರೇ ಕೂಡಿ, ನಮ್ಮ ನಮ್ಮ ಹಟ ಬಿಟ್ಟುಕೊಡುತ್ತೇವೆ, ನಮ್ಮನ್ನು ಕಾಯ್ದುಕೊಳ್ಳಿರಿ ಎಂದು ಒಪ್ಪಂದ ಮಾಡಿಕೊಂಡರು ಎನ್ನುವುದು ನನಗೆ ಹೇಳಲು ಬಹಳ ಇಷ್ಟವಾದ ಸಿದ್ಧಾಂತ. ಅದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ಏರುತ್ತದೆ. ಆಗ ಮುಂದಿನ ಬೆಂಚಿನಿಂದ ಯಾರಾದರೂ ಕೈ ಎತ್ತಿದರೆ ಮೊದಮೊದಲು ಖುಷಿಯಾಗುತ್ತಿತ್ತು. ಈಗ ಆಗುವುದಿಲ್ಲ. ಪ್ರಶ್ನೆ ಏನೆಂದು ನನಗೆ ಮೊದಲೇ ಗೊತ್ತು.

"ಸರ್, ಇದು ಐದ ಮಾರ್ಕಿಗೋ, ಹತ್ತ ಮಾರ್ಕಿಗೋ?"

ನಾನು ಓದಿ ಬರೆಸುವ ನೋಟ್ಸು ನನ್ನ ಅಕ್ಷರದಲ್ಲಿಲ್ಲ. ನನ್ನದು ಕಾಗೆ ಕಾಲು ಗುಬ್ಬಿ ಕಾಲು. ಬರೆದ ಮೂರನೆಯ ದಿನಕ್ಕೆ ನನಗೇ ಓದಲು ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಆ ಹಾಳೆಗಳನ್ನು ನೋಡಿ ನಕ್ಕು, ಒಂದು ಉದ್ದನೆಯ ರಟ್ಟಿನ ನೋಟ್‌ಬುಕ್ ತರಿಸಿಕೊಂಡು, ನಾನು ಹೇಳುತ್ತ ಹೋದಂತೆ ಎಲ್ಲವನ್ನೂ ಚಂದಗೆ ಬರೆದಳು. ಪಿಯುಸಿ ಮುಗಿಸಿದವಳು. ಬಿ.ಎ. ಮಾಡುತ್ತೇನೆ ಎಂದು ಆಗ ಹೇಳಿದ್ದಳು. ಹೂಂ, ಮಾಡುವಿಯಂತೆ ಎಂದು ನಾನೂ ಹೇಳಿದ್ದೆ. ಅದು ಅಲ್ಲಿಗೇ ನಿಂತಿತು. ಬರೆಯುತ್ತ ಬರೆಯುತ್ತ ಅವಳು ನಡುವೆ ತಡೆದು ಕೇಳುತ್ತಿದ್ದಳು, "ಇದು ಖರೆ ಆಗಿತ್ತೇನ್ರಿ? ಎಲ್ಲಾರೂ ಒಂದ ಕಡೆ ಕೂಡಿ ಒಪ್ಪಿದ್ರು?" ಇಲ್ಲ, ಅದು ಊಹೆ ಎಂದರೆ, "ಹಂಗಿದ್ರ ಟೀಕೆ ಒಳಗ ಅದನ್ನ ಮೊದಲ ಬರೀಬೇಕು" ಎಂದು ತಾನೇ ನಂಬರು ಹಾಕಿ ಬರೆಯುತ್ತಿದ್ದಳು. ಆ ಪುಸ್ತಕದ ರಟ್ಟನ್ನು ಎರಡು ಸಲ ಬದಲಿಸಿದ್ದೇನೆ. ಒಳಗಿನದು ಅದೇ ಇದೆ.

ನಮ್ಮೂರು ಜಮಖಂಡಿಗೂ ಬೀಳಗಿಗೂ ನಡುವೆ, ಕೃಷ್ಣೆಯ ಹಿನ್ನೀರಿನ ದಂಡೆಗೆ ಇದೆ. ಅಣೆಕಟ್ಟೆಯ ನೀರು ನಿಂತಾಗ ನದಿಪಕ್ಕದ ನಮ್ಮ ಹೊಲವೂ ಹೋಯಿತು. ಅಪ್ಪ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ನಾನು ಆಗ ಜಮಖಂಡಿಯ ಹಾಸ್ಟೆಲ್ಲಿನಲ್ಲಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ಪರಮಾಧಿಕಾರ ಎಂದರೇನು ಎಂಬುದಕ್ಕೆ ಕ್ಲಾಸಿನಲ್ಲಿ ನಾನು ಕೊಡುವ ಉದಾಹರಣೆ ಅದೇ. ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಬಾವಿಯ ಕಟ್ಟೆ ಒಂದಿಷ್ಟು ಕಾಣುತ್ತದೆ.

ಹೊಲದ ಜೊತೆ ನದಿಯ ಜಾಲಿಗಂಟಿಗಳೂ ಮುಳುಗಿದವು. ಗಂಡಸರಿಗೆ ಅದು ನೆನಪಿನಲ್ಲೇ ಇಲ್ಲ. ಓಣಿಯ ಹೆಂಗಸರಿಗೆ ಬೆಳಿಗ್ಗೆ ಮರೆಯಾಗಿ ಕೂರಲು ಇದ್ದ ಜಾಗ ಅದೊಂದೇ. ಆಮೇಲೆ ಅವರು ಕಬ್ಬಿನ ಹೊಲ ನಂಬಿಕೊಂಡರು. ಕಬ್ಬು ಎದ್ದು ನಿಂತಿರುವ ತನಕ ಮರೆ. ಸಕ್ಕರೆ ಫ್ಯಾಕ್ಟರಿ ಶುರುವಾಗಿ ಕಟಾವಿನ ಗ್ಯಾಂಗು ಇಳಿದರೆ ವಾರದೊಳಗೆ ಎಲ್ಲಾ ಬಯಲು. ಸಮೀರವಾಡಿಯ ಫ್ಯಾಕ್ಟರಿ ಕಡೆ ಕಬ್ಬು ಹೇರಿಕೊಂಡು ಟ್ರ್ಯಾಕ್ಟರುಗಳು ಹೊರಟವೆಂದರೆ ರೈತರಿಗೆ ಸಮಾಧಾನ, ನನ್ನ ಬಸ್ಸಿಗೆ ತ್ರಾಸು, ಈ ಹೆಂಗಸರಿಗೆ ವನವಾಸ. ಅವರಿಗೆಂದೇ ಓಣಿಯ ಕೊನೆಗೆ ಪಂಚಾಯಿತಿಯವರು ಒಂದು ಸಾಮೂಹಿಕ ಪಾಯಖಾನೆ ಕಟ್ಟಿಸಿದ್ದರು. ಕಟ್ಟಿದ ವರ್ಷವೇ ಅದಕ್ಕೆ ಕೀಲಿ ಬಿತ್ತು. ಕೀಲಿಕೈ ಓಣಿಯ ಹಿರಿಯರೊಬ್ಬರ ಮನೆಯ ಗೂಟಕ್ಕೆ ತೂಗುತ್ತಿತ್ತು, ಪಾಯಖಾನೆಯೊಳಗೆ ಅವರ ಹೊಲದ ಡ್ರಿಪ್ ಪೈಪುಗಳಿದ್ದವು.

ಆ ಹಿರಿಯರನ್ನು ಕೆಟ್ಟವರು ಎಂದು ನಾನು ಬರೆಯಲಾರೆ. ಅಪ್ಪನ ಗೆಳೆಯರು. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಹತ್ತನೆಯ ಇಯತ್ತೆ ಮುಗಿದಾಗ ನನ್ನ ಕೈ ಹಿಡಿದು ಜಮಖಂಡಿಗೆ ಕರೆದುಕೊಂಡು ಹೋಗಿ ಹಾಸ್ಟೆಲ್ಲಿಗೆ ಹಚ್ಚಿದವರು ಅವರೇ. ಎಂದೂ ದನಿ ಎತ್ತಿ ಮಾತಾಡಿದವರಲ್ಲ. ದನಿ ಎತ್ತುವ ಪ್ರಸಂಗವೇ ಅವರಿಗೆ ಬಂದಿಲ್ಲ.

ನಮ್ಮ ಮನೆಯ ಹಿತ್ತಲಲ್ಲಿ ಪಾಯಖಾನೆ ಇದೆ, ನೌಕರದಾರನ ಮನೆಯಲ್ಲವೇ. ಕಟಾವಿನ ದಿನಗಳಲ್ಲಿ ಅಕ್ಕಪಕ್ಕದ ಒಬ್ಬಿಬ್ಬರು ಚೊಂಬು ಹಿಡಿದು ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಏಳೂವರೆಗೆ ನನ್ನ ಬಸ್ಸು. ನಾನು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಹೋದರೆ ಒಳಗೆ ಯಾರೋ ಇರುತ್ತಿದ್ದರು. "ಇದೇನ ಧರ್ಮಶಾಲೆ ಏನ?" ಎಂದು ಹೆಂಡತಿಗೆ ಗೊಣಗಿದ್ದೇನೆ. ಒಂದು ದಿನ ಜೋರಾಗಿಯೇ ಗೊಣಗಿದೆ, ಹೊರಗೆ ನಿಂತ ಒಬ್ಬಾಕೆ ಕೇಳಿಸಿಕೊಂಡು ವಾಪಸು ಹೋದಳು. ಅಂದು ನನ್ನ ಹೆಂಡತಿ ನನಗೆ ರೊಟ್ಟಿ ಬಡಿದು ಕೊಟ್ಟಳು, ಪಲ್ಯ ಹಾಕಿದಳು, ಮಾತು ಮಾತ್ರ ಆಡಲಿಲ್ಲ.

ಆ ವರ್ಷ ಪಂಚಾಯಿತಿ ಚುನಾವಣೆ ಬಂತು. ಅದಕ್ಕೂ ಹಿಂದಿನ ಚುನಾವಣೆಯಲ್ಲಿ ನಮ್ಮ ಓಣಿಯಲ್ಲಿ ಹೊಡೆದಾಟವಾಗಿ, ಅಣ್ಣತಮ್ಮಂದಿರ ಎರಡು ಮನೆಗಳಲ್ಲಿ ಇಂದಿಗೂ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುವುದಿಲ್ಲ. ಹಾಗಾಗಿ ಈ ಸಲ ಓಣಿಯ ದೈವ ಕೂಡಿ ಅವಿರೋಧ ಆಯ್ಕೆ ಮಾಡಬೇಕೆಂದು ಮಾತಾಯಿತು. ನಮ್ಮ ಕಡೆ ಹಿರಿಯರು ಕೂಡಿ ತೀರ್ಮಾನ ಹೇಳುವ ಸಭೆಗೆ ದೈವ ಎನ್ನುತ್ತಾರೆ. ನಮ್ಮ ಓಣಿಯೆಲ್ಲಾ ಬೀರೇಶ್ವರನ ಒಕ್ಕಲು. ಗುಡಿಯ ಮುಂದೆ ದೈವ ಕೂಡಿದಾಗ ಮನೆಗೊಬ್ಬ ಗಂಡಸು ಬಂದು ಭಂಡಾರದ ತಟ್ಟೆಯಲ್ಲಿ, ಅಂದರೆ ದೇವರ ಅರಿಷಿಣದ ಪುಡಿಯಲ್ಲಿ ಕೈ ಇಟ್ಟು, "ನಮ್ಮ ಮನಿ ದೈವದ ಮಾತಿಗೆ ಬದ್ಧ" ಎನ್ನಬೇಕು. ಆಮೇಲೆ ಹೆಸರು ಹೇಳುತ್ತಾರೆ. ಕೈ ಮೊದಲು, ಹೆಸರು ಆಮೇಲೆ. ಹೆಸರು ಮೊದಲು ಹೇಳಿದರೆ ಯಾರೂ ಕೈ ಇಡುವುದಿಲ್ಲ ಎಂಬುದು ಹಿರಿಯರಿಗೆ ಗೊತ್ತು.

ನಾಮಪತ್ರ ಕೊಡುವ ಕೊನೆಯ ದಿನ ಬೆಳಿಗ್ಗೆ ನಾನು ಬಸ್ ಪಾಸು ಹುಡುಕುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು, "ಇವತ್ತ ಪಂಚಾಯ್ತಿಗೆ ಹೋಗಿ ಒಂದ ಅರ್ಜಿ ಕೊಡಾಕತ್ತೇನಿ. ಓಣ್ಯಾಗಿನ ನಾಕ ಮಂದಿ ಹೆಂಗಸ್ರು ಜೋಡಿ ಬರ್ತಾರ. ನಿಮ್ಮದೇನೂ ತಕರಾರಿಲ್ಲಲ್ಲ?"

ಪಾಸು ಅಂಗಿಯ ಕಿಸೆಯಲ್ಲೇ ಇತ್ತು. "ಹೂಂ, ಕೊಡು ಕೊಡು" ಎಂದು ಓಡಿದೆ. ಮನೆಯ ಉತಾರೆ ಕಾಗದದ ಅರ್ಜಿಯೋ ನಳದ ಅರ್ಜಿಯೋ ಇರಬೇಕು ಎಂದುಕೊಂಡೆ. ಖರೆ ಹೇಳಬೇಕೆಂದರೆ ಅಷ್ಟೂ ಅಂದುಕೊಳ್ಳಲಿಲ್ಲ.

ಸಂಜೆ ಬಸ್ಸಿಳಿದವನನ್ನು ಕಾಕಾ ಗುಡಿಯ ಕಟ್ಟೆಯಿಂದಲೇ ಕೂಗಿ ಕರೆದರು. ಓಣಿಯ ಗಂಡಸರೆಲ್ಲ ಕೂತಿದ್ದರು. ನನ್ನ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು, ಆ ನೋಟ್‌ಬುಕ್ಕೂ ಅದರೊಳಗೆ ಇತ್ತು. "ನೀ ಶ್ಯಾಣ್ಯಾ ಅದಿ ತಮ್ಮಾ, ಎರಡ ಮಾತ ಹೇಳು. ಹುಡುಗುರು ನಾವ ಹೇಳಿದ್ರ ಕೇಳಂಗಿಲ್ಲ" ಎಂದರು. ಕ್ಲಾಸಿನಲ್ಲಿ ಯಾರೂ ಕಿವಿಗೊಡದ ಮಾಸ್ತರನಿಗೆ ನೂರು ಜನ ಸುಮ್ಮನೆ ಕೂತು ಕೇಳುತ್ತಾರೆಂದರೆ ಏನಾಗಬೇಕೋ ಅದೇ ಆಯಿತು. ನಾನು ಒಪ್ಪಂದ ಸಿದ್ಧಾಂತವನ್ನು ಶುರು ಹಚ್ಚಿದೆ. ಹಿಂದೆ ರಾಜ್ಯ ಅನ್ನುವುದು ಇರಲಿಲ್ಲ, ಎಲ್ಲರಿಗೂ ಎಲ್ಲರ ಭಯ ಇತ್ತು, ಹಿಂದಿನ ಇಲೆಕ್ಷನ್ನಿನಲ್ಲಿ ನಮಗೆ ಇತ್ತಲ್ಲ ಹಾಗೆ. ಅದಕ್ಕೆ ಜನ ಕೂಡಿ ತಮ್ಮ ತಮ್ಮ ಹಟವನ್ನು ಕೆಳಗಿಟ್ಟರು. ಎಲ್ಲರೂ ಇಟ್ಟರೆ ಯಾರೂ ಕಳಕೊಂಡಂತಲ್ಲ. ಒಬ್ಬ ಇಡದೆ ಹೋದರೆ ಎಲ್ಲರೂ ಕಳಕೊಂಡಂತೆ. ಹೀಗೆಲ್ಲ ಹೇಳಿದೆ. ಹಿರಿಯರು ತಲೆದೂಗಿದರು. ಯಾರೋ "ಖರೆ ಮಾತ್ರಿ ಸರ್" ಎಂದರು. ನನಗೆ ಮೈಯೆಲ್ಲ ಹಗುರಾಗಿತ್ತು.

"ಹೇಳಿದಾಂವ ಮೊದಲ ಮುಟ್ಲಿ" ಎಂದು ಕಾಕಾ ತಟ್ಟೆಯನ್ನು ನನ್ನ ಮುಂದೆ ಸರಿಸಿದರು.

ಇಟ್ಟೆ. ನಮ್ಮ ಮನಿ ದೈವದ ಮಾತಿಗೆ ಬದ್ಧ ಎಂದೆ. ಪುಡಿ ತಣ್ಣಗಿತ್ತು, ಉಗುರಿನೊಳಗೂ ಹೋಯಿತು. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಆಮೇಲೆ ಕಾಕಾ ಹೆಸರು ಹೇಳಿದರು. ನಮ್ಮ ಓಣಿಗೆ ಇದ್ದ ಮಹಿಳೆಯರ ಸ್ಥಾನಕ್ಕೆ ಅವರ ಕಿರಿಯ ಸೊಸೆ. "ಈ ಜಾಗಾಕ್ಕ ಇನ್ನೂ ಒಂದ ಅರ್ಜಿ ಬಂದೈತಂತ. ಮಾಸ್ತರ ಮನಿಯಿಂದ. ಅದನ್ನ ಹಿಂದ ತಗೊಂಡ್ರ ಆತು" ಎಂದು ನನ್ನ ಕಡೆ ನೋಡಿ ನಕ್ಕರು. ಆ ನಗುವಿನಲ್ಲಿ ಕುಹಕ ಇತ್ತೆಂದು ಹೇಳಲಾರೆ. ನನಗೆ ಗೊತ್ತಿದ್ದೇ ಕೈ ಇಟ್ಟಿದ್ದೇನೆ, ನಾನು ದೊಡ್ಡ ಮನಸ್ಸಿನವನು ಎಂದೇ ಅವರು ತಿಳಿದಿದ್ದರು.

ಬೆಳಗಿನ ಅರ್ಜಿ ಯಾವುದೆಂದು ಆಗ ನನಗೆ ತಿಳಿಯಿತು.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಇದ್ದಳು. ಅಷ್ಟು ಖುಷಿಯಾಗಿದ್ದ ಅವಳನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಅರ್ಜಿ ಹೇಗೆ ತುಂಬಿದಳು, ಸೂಚಕಿಯಾಗಿ ಪಕ್ಕದ ಮನೆಯಾಕೆ ಹೇಗೆ ಸಹಿ ಮಾಡಿದಳು ಎಂದೆಲ್ಲ ಹೇಳತೊಡಗಿದಳು. "ಆರಿಸಿ ಬಂದ್ರ ಮೊದಲನೇ ಕೆಲಸ ಆ ಕೀಲಿ ಇಸಗೊಳ್ಳೂದು" ಎಂದಳು. ಆಮೇಲೆ ನನ್ನ ಕೈ ನೋಡಿದಳು. ಬಲಗೈ ಮಣಿಕಟ್ಟಿನ ತನಕ ಹಳದಿ.

"ಮುಟ್ಟಿ ಬಂದ್ರೇನು?"

"ಗೊತ್ತಿರ್ಲಿಲ್ಲ."

"ಮುಂಜಾನೆ ಹೇಳಿದ್ನಲ್ಲ. ಹೂಂ ಅಂದ್ರಿ."

ಒಂದೇ ದಿನ ಎರಡು ಕಡೆ ಹೂಂ ಎಂದಿದ್ದೆ. ಎರಡೂ ಕಡೆ ಯಾತಕ್ಕೆ ಎಂದು ನೋಡದೆ.

ಅವಳು ಕೂತುಕೊಂಡಳು. ಸಿಟ್ಟು ಮಾಡಲಿಲ್ಲ. "ನಾ ಮುಟ್ಟಿಲ್ಲ" ಎಂದಳು.

"ಮನಿ ಪರವಾಗಿ ನಾ ಮುಟ್ಟೇನಿ."

"ಮನಿ ಅಂದ್ರ ನೀವೊಬ್ರ ಏನು?" ಎಂದು ನನ್ನ ಬ್ಯಾಗಿನ ಕಡೆ ಕೈ ಮಾಡಿದಳು. "ನಾಕನೇ ಟೀಕೆ ತಗದ ನೋಡ್ರಿ. ನಾನ ಬರದೇನಿ."

ತೆಗೆದು ನೋಡುವುದು ಬೇಕಿರಲಿಲ್ಲ. ಒಪ್ಪಂದ ಸಿದ್ಧಾಂತದ ಮೇಲಿನ ನಾಲ್ಕನೆಯ ಟೀಕೆ ನನಗೆ ಬಾಯಿಪಾಠ. ಒಬ್ಬರು ಮಾಡಿದ ಒಪ್ಪಂದವು ಅದರಲ್ಲಿ ಭಾಗಿಯಾಗದ ಇನ್ನೊಬ್ಬರನ್ನು ಬಂಧಿಸಲಾರದು. ವರ್ಷ ವರ್ಷ ಓದಿ ಬರೆಸುತ್ತೇನೆ. ಆ ಸಂಜೆ ಮಾತ್ರ ನನ್ನ ಬಾಯಿಂದ, "ಅದು ಪುಸ್ತಕದಾಗಿಂದು" ಎಂದು ಬಂತು. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡೆ.

ಅರ್ಜಿ ಹಿಂದೆ ತೆಗೆದುಕೊಳ್ಳಲು ಮೂರು ದಿನ ಸಮಯವಿತ್ತು. ಆ ಮೂರು ದಿನ ನಾನು ಅಡಕೊತ್ತಿನಲ್ಲಿ ಸಿಕ್ಕಿಕೊಂಡಿದ್ದೆ. ಬಿಡಿಸಿಕೊಳ್ಳುವ ದಾರಿ ಇರಲಿಲ್ಲವೆಂದಲ್ಲ. ಗುಡಿಯ ಕಟ್ಟೆಗೆ ಹೋಗಿ, ನಾನು ಇಟ್ಟ ಕೈ ನನ್ನೊಬ್ಬನದು, ಆಕೆಯದು ಆಕೆಗೆ ಬಿಟ್ಟದ್ದು ಎಂದು ಒಂದು ಮಾತು ಹೇಳಬೇಕಿತ್ತು. ಆ ಮಾತನ್ನು ಬಸ್ಸಿನಲ್ಲಿ ಎಷ್ಟು ಸಲ ಒಳಗೊಳಗೇ ಆಡಿದೆನೋ. ಎರಡೆರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತುಬಿಡುತ್ತಿತ್ತು. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಇನ್ನೊಂದು ಸಾಲು. ಕಿಟಕಿಯಲ್ಲಿ ಕೂತು ಆ ಮಾತನ್ನು ತಿದ್ದುತ್ತಿದ್ದೆ, ವಿನಯದಿಂದ ಶುರು ಮಾಡಲೋ ನೇರವಾಗಿ ಹೇಳಲೋ ಎಂದು. ಊರಲ್ಲಿ ಇಳಿದರೆ ಕಟ್ಟೆಯ ಮೇಲೆ ಕಾಕಾ ಇರುತ್ತಿದ್ದರು. ನಾನು ಕೈ ಮುಗಿದು ಮುಂದೆ ಹೋಗುತ್ತಿದ್ದೆ.

ಮಾತು ಯಾಕೆ ಬರಲಿಲ್ಲ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ದೈವೀ ಸಿದ್ಧಾಂತ ಸತ್ತು ಶತಮಾನಗಳಾದವು ಎಂದು ಕ್ಲಾಸಿನಲ್ಲಿ ನಗೆಯಾಡುವ ಮನುಷ್ಯ ನಾನು. ಆದರೆ ಭಂಡಾರ ಮುಟ್ಟಿ ತಪ್ಪಿದವರ ಕಥೆಗಳನ್ನು ಕೇಳುತ್ತ ಬೆಳೆದವನೂ ನಾನೇ. ಕೈಯನ್ನು ಸಾಬೂನು ಹಚ್ಚಿ ಎಷ್ಟು ತೊಳೆದರೂ ಉಗುರಿನ ಸಂದಿಯ ಹಳದಿ ಹೋಗಲಿಲ್ಲ. ಅರಿಷಿಣ ಹಾಗೇ ಇರುತ್ತದೆ, ಅದರಲ್ಲೇನೂ ಪವಾಡವಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಆದರೂ ಹಲಗೆಯ ಮೇಲೆ ಬರೆಯುವಾಗ ಆ ಕೈ ನನ್ನದಲ್ಲವೆನಿಸುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ಕಾಕಾ ಮನೆಗೇ ಬಂದರು. ಕಟ್ಟೆಯ ಮೇಲೆ ಕೂತು ಚಹಾ ತರಿಸಿಕೊಂಡು ಕುಡಿದರು. ಚಹಾ ಕೊಟ್ಟ ಹೆಂಡತಿಗೆ, "ನಿನಗ ಹೌಸಿ ಇದ್ರ ಮುಂದಿನ ಸಲ ನಿನ್ನ ಹೆಸರ ತಗೊಳ್ಳೋಣ ಬಿಡವಾ" ಎಂದರು.

"ಹೌಸಿ ಅಲ್ರಿ ಮಾವಾರ. ಆ ಪಾಯಖಾನಿ ಕೀಲಿ ಕೊಡ್ರಿ. ಇವತ್ತ ಹೋಗಿ ಅರ್ಜಿ ಹಿಂದ ತಗೊಂಡ ಬರ್ತೇನಿ."

ಅವರು ಚಹಾದ ಬಸಿಯನ್ನು ಕೆಳಗಿಟ್ಟರು. "ಪೈಪ ಇಡಾಕ ಬ್ಯಾರೆ ಜಾಗಾ ನೋಡಾಕತ್ತೇನಿ" ಎಂದರು. ಈ ಮಾತನ್ನು ಅವರು ಏಳೆಂಟು ವರ್ಷದಿಂದ ಹೇಳುತ್ತಿದ್ದಾರೆ. ಹೊರಟಾಗ ನಾನು ಅಂಗಳದ ತನಕ ಕಳಿಸಲು ಹೋದೆ. ನನ್ನ ಹೆಗಲ ಮೇಲೆ ಕೈಯಿಟ್ಟು, ನಾನು ಹುಡುಗನಾಗಿದ್ದಾಗ ಇಡುತ್ತಿದ್ದಂತೆಯೇ ಇಟ್ಟು, "ಭಂಡಾರ ಅಂದ್ರ ಆಟಾ ಅಲ್ಲ ತಮ್ಮಾ. ನಿನಗ ನಾ ಏನ ಹೇಳ್ಲಿ, ನೀನ ಎಲ್ಲಾರಿಗೂ ಹೇಳೀದಿ" ಎಂದರು. ಮಾತು ತಪ್ಪಿದ ಮನೆಗೆ ಏನು ಮಾಡುತ್ತಾರೆಂದು ಬಾಯಿ ಬಿಟ್ಟು ಹೇಳಲಿಲ್ಲ. ನಮ್ಮಲ್ಲಿ ಯಾರನ್ನೂ ಹೊಡೆಯುವುದಿಲ್ಲ, ಊರು ಬಿಡಿಸುವುದಿಲ್ಲ. ಬೀರೇಶ್ವರನ ಪಾಲಕಿ ಓಣಿಯಲ್ಲಿ ಮನೆ ಮನೆಗೆ ನಿಲ್ಲುತ್ತ ಬರುತ್ತದಲ್ಲ, ಆ ಮನೆಯ ಮುಂದೆ ನಿಲ್ಲುವುದಿಲ್ಲ. ಡೊಳ್ಳು ಬಡಿಯುತ್ತಲೇ ಮುಂದೆ ಹೋಗುತ್ತದೆ. ಅಷ್ಟೇ ಶಿಕ್ಷೆ.

ಒಳಗೆ ನನ್ನ ಅವ್ವ ಇದ್ದಳು. ಮೊಣಕಾಲು ಹಿಡಿದು ಹೊರಗೆ ಬಾರದೆ ಎರಡು ವರ್ಷವಾಗಿತ್ತು. ಪಾಲಕಿ ಬರುವ ದಿನ ಮಾತ್ರ ಗೋಡೆ ಹಿಡಿದು ಬಾಗಿಲಿಗೆ ಬಂದು, ಹೊತ್ತವರ ಕಾಲಿಗೆ ತಂಬಿಗೆ ನೀರು ಹಾಕುತ್ತಿದ್ದಳು. ಅವಳಿಗೆ ಎಲ್ಲಾ ಕೇಳಿಸಿತ್ತು.

"ಪಾಲಕಿ ನಮ್ಮ ಬಾಗಲಕ್ಕ ನಿಲ್ಲಂಗಿಲ್ಲೇನೋ?" ಎಂದು ನನ್ನನ್ನು ಕೇಳಿದಳು.

ಆ ಮಧ್ಯಾಹ್ನ ಅವ್ವ ತಾಟಿನಲ್ಲಿ ಕೈ ತೊಳೆದುಬಿಟ್ಟಳು, ಊಟ ಮಾಡಲಿಲ್ಲ. ಸಂಜೆಗೂ ಇಲ್ಲ, ಮರುದಿನ ಬೆಳಿಗ್ಗೆಯೂ ಇಲ್ಲ. ಸೊಸೆಯನ್ನು ಬೈಯಲಿಲ್ಲ. ಬೈದಿದ್ದರೆ ಸೊಸೆ ಎದುರು ಮಾತಾಡುತ್ತಿದ್ದಳು. ಅವ್ವ ಸುಮ್ಮನೆ ಗೋಡೆಯ ಕಡೆ ಹೊರಳಿ ಮಲಗಿದ್ದಳು. ನನ್ನ ಹೆಂಡತಿ ಗಂಜಿ ಮಾಡಿಕೊಂಡು ಹೋದಳು, ತಲೆಯ ಹತ್ತಿರ ಕೂತು ಬಹಳ ಹೊತ್ತು ಕಾದಳು, ಗಂಜಿ ಆರಿತು. ಹೊರಗೆ ಬಂದು ನನಗೆ, "ರಜಾ ಹಾಕ್ರಿ. ಪಂಚಾಯ್ತಿಗೆ ಹೋಗಿ ಬರೂಣು" ಎಂದಳು.

ಆಗಲಾದರೂ ಬೇಡ ಎನ್ನಬಹುದಿತ್ತು. ನನ್ನ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಬೈಕು ತೆಗೆದೆ.

ಪಂಚಾಯಿತಿ ಕಚೇರಿಯಲ್ಲಿ ಚುನಾವಣೆಯ ಕೆಲಸಕ್ಕೆ ಬೇರೆ ಊರಿಂದ ಬಂದ ಅಧಿಕಾರಿಯೊಬ್ಬರು ಇದ್ದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಅರ್ಜಿಯ ನಮೂನೆಯನ್ನು ಅವಳ ಮುಂದೆ ಇಟ್ಟು ಕೇಳಿದರು, "ಸ್ವಂತ ಇಚ್ಛೆಯಿಂದ ಹಿಂದ ತಗೊಳ್ಳಾಕತ್ತೀರೇನ್ರಿ?"

"ಹೌದ್ರಿ" ಎಂದೆ ನಾನು.

"ನಿಮ್ಮನ್ನ ಕೇಳಿಲ್ರಿ ಸರ್. ಅವ್ರನ್ನ ಕೇಳೇನಿ."

ಇಷ್ಟು ದಿನದಲ್ಲಿ ಅವಳನ್ನು ಹಾಗೆ ಕೇಳಿದವರು ಆ ಒಬ್ಬ ಮನುಷ್ಯ. ಅದೂ ನಿಯಮದಲ್ಲಿ ಇದೆ ಎಂದು ಕೇಳಿದರು. ಅವಳು ಅವರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಸಹಿ ಎಲ್ಲಿ ಮಾಡೂದು ತೋರಸ್ರಿ" ಎಂದಳು. ನನ್ನ ನೋಟ್ಸಿನ ಪುಟಗಳಲ್ಲಿರುವ ಆ ದುಂಡಗಿನ ಅಕ್ಷರಗಳಲ್ಲೇ ತನ್ನ ಹೆಸರು ಬರೆದಳು.

ಬರುವಾಗ ಓಣಿಯ ಕೊನೆಗೆ ಬೈಕು ನಿಲ್ಲಿಸಲು ಹೇಳಿದಳು. ಇಳಿದು ಆ ಪಾಯಖಾನೆಯ ಬಾಗಿಲಿಗೆ ಹೋಗಿ, ತುಕ್ಕು ಹಿಡಿದ ಕೀಲಿಯನ್ನು ಒಂದು ಸಲ ಜಗ್ಗಿ ನೋಡಿದಳು. ಜಾಳಿಗೆಯಿಂದ ಒಳಗೆ ಇಣುಕಿದಳು. ಕೈಗೆ ಹತ್ತಿದ ತುಕ್ಕನ್ನು ಸೆರಗಿಗೆ ಒರೆಸಿಕೊಂಡು ಬಂದು ಹಿಂದೆ ಕೂತಳು. ಮನೆಯಲ್ಲಿ ಅವ್ವ ಗಂಜಿ ಕುಡಿದಳು. ಸಂಜೆ ಕಟ್ಟೆಯ ಮೇಲೆ ಕಾಕಾನ ಸೊಸೆಗೆ ಮಾಲೆ ಹಾಕಿದರು, ನನಗೂ ಒಂದು ಹಾಕಿದರು. "ಮಾಸ್ತರ ಮನಿತನ ಅಂದ್ರ ಮನಿತನ" ಎಂದು ಯಾರೋ ಹೇಳಿದರು.

ಮರುದಿನ ಬೆಳಿಗ್ಗೆ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಹೋದೆ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಓಣಿಯ ಹತ್ತು ಹದಿನೈದು ಹೆಂಗಸರು ಚೊಂಬು ಹಿಡಿದು ಸಾಲಾಗಿ ನಿಂತಿದ್ದರು, ಸಾಲು ಹೊರಗೆ ಸಂದಿಯ ತನಕ ಹೋಗಿತ್ತು. ನನ್ನ ಹೆಂಡತಿ ಹಂಡೆಯಿಂದ ನೀರು ತುಂಬಿ ಕೊಡುತ್ತಿದ್ದಳು.

"ಏಳೂವರಿ ತನಕ ಹೆಂಗಸ್ರಿಗೆ" ಎಂದಳು. "ನೀವ ಆಮ್ಯಾಲೆ."

"ನನ್ನ ಬಸ್ಸು ಏಳೂವರಿಗೆ."

"ಗೊತ್ತೈತಿ."

"ನನ್ನೊಂದ ಮಾತ ಕೇಳೂದು ಬ್ಯಾಡೇನ?" ಎಂದೆ, ದನಿ ತಗ್ಗಿಸಿ.

"ಮನಿ ಪರವಾಗಿ ನೀವ ಕೈ ಇಟ್ರಿ. ಮನಿ ಪರವಾಗಿ ನಾ ಬಾಗಲಾ ತಗದೇನಿ."

ಸಾಲಿನಲ್ಲಿ ಯಾರೂ ನಗಲಿಲ್ಲ. ಹಿಂದೊಮ್ಮೆ ನನ್ನ ಗೊಣಗಾಟ ಕೇಳಿ ತಿರುಗಿ ಹೋದಾಕೆಯೂ ಅಲ್ಲಿದ್ದಳು. ಅವಳೇ ಸ್ವಲ್ಪ ಹಿಂದೆ ಸರಿದು, "ಬೇಕಾದ್ರ ನನ್ನ ಮುಂದ ನಿಲ್ರಿ ಸರ್" ಎಂದಳು. ಅಷ್ಟು ಸಾಕಾಯಿತು. ಬ್ಯಾಡ್ರಿ ಎಂದು ಸಾಲಿನ ಕೊನೆಗೆ ಹೋಗಿ ನಿಂತೆ. ಬಸ್ಸು ಹೋದ ಸಪ್ಪಳ ಅಲ್ಲಿಂದಲೇ ಕೇಳಿಸಿತು.

ಮುಂದಿನ ಬಸ್ಸು ಹಿಡಿದು ಕಾಲೇಜು ಮುಟ್ಟುವಾಗ ಕ್ಲಾಸು ಅರ್ಧ ಆಗಿತ್ತು. ಅಂದು ಒಪ್ಪಂದ ಸಿದ್ಧಾಂತದ ಟೀಕೆಗಳನ್ನು ಬರೆಸುವುದಿತ್ತು. ಮೊದಲ ಮೂರನ್ನು ಬರೆಸಿದೆ. ನಾಲ್ಕನೆಯದಕ್ಕೆ ಬಂದಾಗ ಓದಲು ಆಗಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ಹುಡುಗಿಯ ಕೈಗೆ ಪುಸ್ತಕ ಕೊಟ್ಟು, ನೀನೇ ಓದಿ ಬರೆಸವಾ ಎಂದೆ. ಐದು ಮಾರ್ಕೋ ಹತ್ತು ಮಾರ್ಕೋ ಎಂದು ಯಾವಾಗಲೂ ಕೇಳುವವಳು ಅವಳೇ. ಎದ್ದು ನಿಂತು ಗಟ್ಟಿಯಾಗಿ ಓದಿದಳು. ಒಬ್ಬರು ಮಾಡಿದ ಒಪ್ಪಂದವು ಅದರಲ್ಲಿ ಭಾಗಿಯಾಗದ ಇನ್ನೊಬ್ಬರನ್ನು ಬಂಧಿಸಲಾರದು. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು.

ಪುಸ್ತಕ ತಿರುಗಿ ಕೊಡುವಾಗ ಅವಳು, "ಅಕ್ಷರ ಎಷ್ಟ ಛಲೋ ಅದಾವ್ರಿ ಸರ್, ಯಾರದು?" ಎಂದು ಕೇಳಿದಳು.

"ನಮ್ಮ ಮನಿಯವರದು."

"ಅವ್ರೂ ಕಲಸ್ತಾರೇನ್ರಿ?"

"ಇಲ್ಲ. ಪಂಚಾಯ್ತಿಗೆ ನಿಂತಿದ್ರು."

"ಆರಿಸಿ ಬಂದ್ರೇನ್ರಿ?"

ಇಡೀ ಕ್ಲಾಸು ನನ್ನನ್ನೇ ನೋಡುತ್ತಿತ್ತು. "ಅರ್ಜಿ ಹಿಂದ ತಗೊಂಡ್ರು" ಎಂದೆ. ಯಾಕ್ರಿ ಎಂದಳು. ಹಿಂದಿನ ಬೆಂಚಿನವರೂ ತಲೆ ಎತ್ತಿದ್ದರು. ಬಲಗೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದೆ. ಅದನ್ನು ಮುಂದೆ ತಂದು ಮೇಜಿನ ಮೇಲಿಟ್ಟೆ. ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಇತ್ತು.

"ಅವ್ರ ಪರವಾಗಿ ನಾ ಒಪ್ಪಿ ಬಂದಿದ್ದೆ. ಅವ್ರನ್ನ ಕೇಳದ" ಎಂದೆ.

ಹುಡುಗಿ ನನ್ನ ಮುಖ ನೋಡಿದಳು, ತನ್ನ ವಹಿ ನೋಡಿದಳು, ಪೆನ್ನು ಎತ್ತಿಕೊಂಡಳು.

"ಸರ್, ಇದನ್ನೂ ಬರಕೋಬೇಕೇನ್ರಿ?"

"ಹೂಂ, ಬರಕೋ" ಎಂದೆ.